‘ಭೂಕಾಂತ ಬಿರುಗಾಳಿ’ಗೆ ಗಾಳಿಯೇ ಬೇಕೇ?

ಗೆಳೆಯರೇ, ನಮಸ್ಕಾರ.

ಮಕ್ಕಳಿಗಾಗಿ ಸೂರ್ಯನ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಒಂದು ಪದ ಮುಂದೆ ಹೋಗಲು ಬಿಡುತ್ತಿಲ್ಲ.

ಸೂರ್ಯನ ಸ್ಫೋಟಗಳಿಂದ ಭೂಮಿಯ ಕಾಂತಕ್ಷೇತ್ರ ಏರುಪೇರಾಗುವುದಕ್ಕೆ ‘ಭೂಕಾಂತ ಬಿರುಗಾಳಿ’ ಅಂತಲೋ ‘ಕಾಂತೀಯ ಚಂಡಮಾರುತ’ ಅಂತಲೋ ಬರೆಯುತ್ತೇವೆ. ಸೂರ್ಯನಿಂದ ಸದಾ ಹರಿದು ಬರುವ ವಿದ್ಯುತ್ ಕಣಗಳಿಗೆ ‘ಸೌರ ಮಾರುತ’ ಎಂಬ ಹೆಸರು ಆಗಲೇ ಇದೆ. ಎರಡನ್ನೂ ಒಂದೇ ಪುಟದಲ್ಲಿ ಓದಿದವರು ಏನಂದುಕೊಳ್ಳುತ್ತಾರೆ? ಮಾರುತ ಜೋರಾದರೆ ಚಂಡಮಾರುತ, ಅಷ್ಟೇ ಅಲ್ವಾ? ಕರಡು ಓದಿದ ಹುಡುಗಿಯೊಬ್ಬಳು ಹೀಗೇ ಕೇಳಿದಳು.

ಇಲ್ಲ, ಅದು ಅಷ್ಟು ಸರಳವಲ್ಲ. ಸೌರ ಮಾರುತ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಹಗಲಿರುಳೂ ಬೀಸುತ್ತಲೇ ಇರುತ್ತದೆ. ಬರೀ ವೇಗ ಜಾಸ್ತಿಯಾದರೆ ಸಾಲದು. ಅದು ಹೊತ್ತು ತರುವ ಕಾಂತಕ್ಷೇತ್ರದ ದಿಕ್ಕು ದೊಡ್ಡ ಸಂಗತಿ. ಅದು ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕ್ಷೇತ್ರದ ಜೊತೆ ಬೆಸೆದುಕೊಳ್ಳುತ್ತದೆ, ಶಕ್ತಿ ಒಳಗೆ ನುಗ್ಗುತ್ತದೆ. ಉತ್ತರಕ್ಕಿದ್ದರೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ.

ಇಂಥ ಹೊತ್ತಿನಲ್ಲಿ ಸಮಭಾಜಕದ ಆಸುಪಾಸಿನ ವೀಕ್ಷಣಾಲಯವೊಂದು ಕಾಂತಕ್ಷೇತ್ರದ ಬಲವನ್ನು ಗೆರೆಯಾಗಿ ಬರೆದಿಟ್ಟ ದಾಖಲೆ ನೋಡಿ. ಗೆರೆ ಮೊದಲು ದಿಢೀರನೆ ಸ್ವಲ್ಪ ಮೇಲೆ ಜಿಗಿಯುತ್ತದೆ. ಆಮೇಲೆ ಕೆಲವು ಗಂಟೆ ಕುಸಿಯುತ್ತ ಹೋಗುತ್ತದೆ. ಭೂಮಿಯನ್ನು ಸುತ್ತುವ ಕಣಗಳ ವಿದ್ಯುತ್ ಪ್ರವಾಹ ನೆಲದ ಮೇಲಿನ ಕ್ಷೇತ್ರವನ್ನು ತಗ್ಗಿಸುವುದರಿಂದ ಹೀಗಾಗುತ್ತದೆ. ನಂತರ ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ, ನಿಧಾನವಾಗಿ ಮೊದಲಿನ ಮಟ್ಟಕ್ಕೆ ಏರುತ್ತದೆ. 1859ರ ಸೆಪ್ಟೆಂಬರ್‌ನಲ್ಲಿ ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಈ ಕುಸಿತ ಸುಮಾರು 1600 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ) ಮುಟ್ಟಿತ್ತು. ಸಮಭಾಜಕದ ಬಳಿ ಭೂಮಿಯ ಕ್ಷೇತ್ರವೇ ಸುಮಾರು 30,000. ಅಂದರೆ ಇಪ್ಪತ್ತರಲ್ಲಿ ಒಂದು ಪಾಲು!

ಪದದ ಹುಟ್ಟನ್ನೂ ಹುಡುಕಿದೆ. 1806ರಲ್ಲಿ ಬರ್ಲಿನ್‌ನಲ್ಲಿ ಜರ್ಮನ್ ವಿಜ್ಞಾನಿ ಹಂಬೋಲ್ಟ್ ರಾತ್ರಿಗಟ್ಟಲೆ ಕಾಂತಸೂಜಿ ನೋಡುತ್ತ ಕೂತಿದ್ದರು. ಸೂಜಿಯ ಒದ್ದಾಟಕ್ಕೆ ಅವರು ಬಳಸಿದ ಜರ್ಮನ್ ಪದದಲ್ಲಿ ಇರುವುದು ಗುಡುಗು ಮಿಂಚಿನ ಅಬ್ಬರ, ಬೀಸುವ ಗಾಳಿಯಲ್ಲ. ‘ಸೌರ ಮಾರುತ’ದ ಮೂಲ ಪದವಂತೂ 1958ರ ಸುಮಾರಿಗೆ ಬಂದದ್ದು. ಎರಡಕ್ಕೂ ನೆಂಟಸ್ತನ ಕಟ್ಟಿದ್ದು ನಮ್ಮ ಅನುವಾದ.

‘ಕಾಂತಕ್ಷೋಭೆ’ ಸರಿಯಾದ ಪದವೇ, ಆದರೆ ಮಕ್ಕಳ ಬಾಯಲ್ಲಿ ಹೊರಳುವುದು ಕಷ್ಟ. ನನಗೆ ಹೊಳೆದದ್ದು ‘ಕಾಂತಕದಡು’. ಕೊಡದ ನೀರು ಒಮ್ಮೆಲೇ ಕದಡಿ ಆಮೇಲೆ ನಿಧಾನಕ್ಕೆ ತಿಳಿಯಾಗುವುದಿಲ್ಲವೇ? ಆ ಗೆರೆ ಹೇಳುವುದೂ ಅದನ್ನೇ. ಕೊನೆಯ ಘಟ್ಟಕ್ಕೆ ‘ಚೇತರಿಕೆಯ ಹಂತ’ ಅನ್ನುವ ಬದಲು ‘ತಿಳಿಯಾಗುವ ಹಂತ’ ಅಂತಲೇ ಬರೆಯಬಹುದು.

ನನ್ನ ಅಳುಕು ಒಂದೇ. ‘ಕದಡು’ ಅಂದಾಗ ಕೆಸರು, ರಾಡಿ ಕಣ್ಣಮುಂದೆ ಬಂದು, ವಿದ್ಯುತ್ ಜಾಲಗಳನ್ನೇ ನಡುಗಿಸಬಲ್ಲ ಘಟನೆಯ ರಭಸ ಕಮ್ಮಿ ಅನ್ನಿಸುತ್ತದೆಯೇ? ‘ಕದಡು’ವನ್ನು ನಾಮಪದವಾಗಿ ಮಾತಿನಲ್ಲಿ ಬಳಸುವವರು ಇದ್ದರೆ ಯಾವ ಅರ್ಥದಲ್ಲಿ ಬಳಸುತ್ತೀರಿ, ದಯವಿಟ್ಟು ತಿಳಿಸಿ.