‘ಸ್ರವಿಸು’ ಸಾಕೇ, ‘ಹೊಗಿಸು’ ಬೇಕೇ?

ಮಾನ್ಯರೇ,

ವಿರಾಜಪೇಟೆ ಕಡೆಯ ಶುಂಠಿ ಬೆಳೆಗಾರರಿಗಾಗಿ ಸೊರಗು ರೋಗದ ಬಗ್ಗೆ ಕನ್ನಡದಲ್ಲಿ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದು, ಒಂದು ಕ್ರಿಯಾಪದದ ಬಳಿ ಬಂದು ನಿಂತಿದ್ದೇನೆ. ಈ ರೋಗ ತರುವ ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ತನ್ನ ಹಲವು ಪ್ರೋಟೀನುಗಳನ್ನು ಗಿಡದ ಜೀವಕೋಶದ ಒಳಕ್ಕೇ ನೇರವಾಗಿ ತಲುಪಿಸಿ, ಆ ಕೋಶದ ರಕ್ಷಣೆಯನ್ನು ಒಳಗಿನಿಂದ ಕುಗ್ಗಿಸುತ್ತದೆ. ಇಂಗ್ಲಿಷಿನ ‘ಸೆಕ್ರೀಷನ್’ಗೆ ನಮ್ಮಲ್ಲಿ ರೂಢಿಯಾಗಿರುವುದು ‘ಸ್ರವಿಕೆ’. ಆದರೆ ಸ್ರವಿಸುವುದೆಂದರೆ ಹೊರಕ್ಕೆ ಒಸರುವುದು. ಒಸರಿದ್ದು ಎಲ್ಲಿಗೆ ಹೋಯಿತೆಂಬುದನ್ನು ಆ ಪದ ಹೇಳುವುದಿಲ್ಲ.

ಇಲ್ಲಿ ಇನ್ನೊಂದು ತೊಡಕೂ ಇದೆ. ಸೊರಗಿದ ಗಿಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ, ತುದಿಯಿಂದ ಹಾಲಿನಂಥ ಬಿಳಿ ಎಳೆ ಇಳಿಯುವುದನ್ನು ಇಲ್ಲಿನ ಬೆಳೆಗಾರರು ಕಣ್ಣಾರೆ ಕಂಡಿದ್ದಾರೆ. ಅದು ಬ್ಯಾಕ್ಟೀರಿಯಾಗಳದೇ ರಾಶಿ, ಪ್ರೋಟೀನ್ ಅಲ್ಲ. ‘ಪ್ರೋಟೀನು ಸ್ರವಿಸುತ್ತದೆ’ ಎಂದು ಬರೆದರೆ ಓದುಗರ ಮನಸ್ಸು ನೇರವಾಗಿ ಆ ಲೋಟಕ್ಕೇ ಹೋಗುತ್ತದೆ.

‘ಚುಚ್ಚು’ ಎನ್ನೋಣವೆಂದರೆ, 1998ರಲ್ಲಿ ಸಾಲ್ಮೊನೆಲ್ಲಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಕಂಡ, ಪ್ರೋಟೀನು ಸಾಗಿಸುವ ರಚನೆ ಸೂಜಿಯನ್ನೇ ಹೋಲುತ್ತದೆ ಎಂಬುದು ನಿಜ. ಆದರೆ ಅದರ ಒಳದಾರಿ ಎರಡು ಮೂರು ನ್ಯಾನೊಮೀಟರಿನಷ್ಟೇ ಅಗಲವಾದ್ದರಿಂದ ಮಡಿಚಿಕೊಂಡಿರುವ ಪ್ರೋಟೀನು ಅದರಲ್ಲಿ ಹಿಡಿಸದೆ, ಬಿಚ್ಚಿಕೊಂಡು ದಾರದಂತೆ ಸಾಗಬೇಕಾಗುತ್ತದೆ. ಹಾಗೆ ನೋಡಿದರೆ ಸಿರಿಂಜಿಗಿಂತ ದಾರ ಪೋಣಿಸುವ ಸೂಜಿಯ ಹೋಲಿಕೆಯೇ ಹತ್ತಿರದ್ದು. ಸಸ್ಯರೋಗದ ಬ್ಯಾಕ್ಟೀರಿಯಾಗಳಲ್ಲಂತೂ, ಕೋಶದ ದಪ್ಪ ಗೋಡೆಯನ್ನು ದಾಟಬೇಕಿರುವುದರಿಂದ, ಸೂಜಿಯ ಬದಲು ಉದ್ದವಾದ, ಬಳುಕುವ ಎಳೆಯಿರುತ್ತದೆ. ಇನ್ನು ‘ಚುಚ್ಚುಮದ್ದು’ ಎಂಬುದನ್ನು ಹತ್ತಿರಕ್ಕೂ ತರಲಾಗದು. ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಣ್ಣುವ ಕೊಡಗಿನವರಿಗೆ ಮದ್ದೆಂದರೆ ದೇಹಕ್ಕೆ ಹಿತವಾದದ್ದು.

ನನ್ನ ಒಲವು ‘ಹೊಗಿಸು’, ಅಂದರೆ ಹೊಗುವಂತೆ ಮಾಡು, ಎಂಬುದರ ಕಡೆಗಿದೆ. ಬ್ಯಾಕ್ಟೀರಿಯಾದಿಂದ ಹೊರಬರುವುದಕ್ಕೆ ‘ಸ್ರವಿಸು’, ಗಿಡದ ಕೋಶದೊಳಕ್ಕೆ ಸೇರುವುದಕ್ಕೆ ‘ಹೊಗಿಸು’ ಎಂದು ಎರಡನ್ನೂ ಬೇರೆಬೇರೆ ಇಟ್ಟುಕೊಂಡರೆ, ವಿಜ್ಞಾನಿಗಳು ಮಾಡುವ ಭೇದವೂ ಉಳಿಯುತ್ತದೆ. ಕರಡನ್ನು ಓದಿದ ಗೆಳೆಯರೊಬ್ಬರು ಮಾತ್ರ, “ಹೊಗೆ ಹಾಕುವುದು ಯಾವಾಗ?” ಎಂದು ಕೇಳಿ ನನ್ನ ಉತ್ಸಾಹವನ್ನು ತುಸು ತಗ್ಗಿಸಿದರು. ‘ಒಳಹೊಗಿಸು’ ಎಂದರೆ ಆ ಗೊಂದಲ ತಪ್ಪೀತೇನೋ.

ಹೀಗೆ ಒಳಸೇರುವ ‘ಎಫೆಕ್ಟರ್’ ಪ್ರೋಟೀನಿಗೆ ‘ಪರಿಣಾಮಕಾರಿ ಪ್ರೋಟೀನ್’ ಎನ್ನುವುದು ನನಗೆ ಒಪ್ಪಿಗೆಯಿಲ್ಲ, ಅದು ಔಷಧದ ಜಾಹೀರಾತಿನಂತೆ ಕೇಳಿಸುತ್ತದೆ. ಭತ್ತದ ಎಲೆ ಅಂಗಮಾರಿ ರೋಗ ತರುವ ಜಾಂತೊಮೊನಾಸ್ ಬ್ಯಾಕ್ಟೀರಿಯಾ ಕಳಿಸುವ ಇಂಥ ಪ್ರೋಟೀನೊಂದು ಕೋಶಕೇಂದ್ರದವರೆಗೂ ಹೋಗಿ, ಸಕ್ಕರೆಯನ್ನು ಹೊರಬಿಡುವ ಜೀನನ್ನು ಚಾಲೂ ಮಾಡುತ್ತದೆ. ಅನ್ಯರ ಮನೆಗೆ ಹೊಕ್ಕು ಯಜಮಾನಿಕೆ ನಡೆಸುವ ಇದಕ್ಕೆ ‘ಕಾರಕ ಪ್ರೋಟೀನ್’ ಎನ್ನಬಹುದೇ, ಅಥವಾ ‘ರೋಗಕಾರಕ’ದೊಂದಿಗೆ ಅದು ಬೆರೆತುಹೋಗುತ್ತದೆಯೇ? (ಬ್ಯಾಕ್ಟೀರಿಯಾಕ್ಕೆ ‘ದುಂಡಾಣು’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ, ಮೇಲೆ ಹೇಳಿದ ಮೂರು ಬ್ಯಾಕ್ಟೀರಿಯಾಗಳೂ ಕೋಲಿನಾಕಾರದವು.)

‘ಒಳಹೊಕ್ಕು’ ಎಂಬ ರೂಪ ಎಲ್ಲರಿಗೂ ಗೊತ್ತಿರುವುದೇ. ಆದರೆ ‘ಹೊಗಿಸು’ ನಿಮ್ಮ ಸೀಮೆಯ ಆಡುಮಾತಿನಲ್ಲಿ ಇನ್ನೂ ಬಳಕೆಯಲ್ಲಿದೆಯೇ, ಇದ್ದರೆ ಯಾವ ಸಂದರ್ಭದಲ್ಲಿ ಎಂಬುದನ್ನು ದಯವಿಟ್ಟು ತಿಳಿಸಿ.