ಪದಚರ್ಚೆ: ಕುನೂತ್ ದುವಾದ ‘ಬಾರಿಕ್ ಲೀ’ಗೆ ಕನ್ನಡದಲ್ಲಿ ಏನು ಬರೆಯೋಣ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ದಿನನಿತ್ಯದ ದುವಾಗಳ (ಪ್ರಾರ್ಥನೆಗಳ) ಪುಟ್ಟ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಕುನೂತ್ ಹತ್ತಿರ ನಿಂತುಬಿಟ್ಟಿದೆ. ಪ್ರವಾದಿಯವರು ಮೊಮ್ಮಗ ಹಸನ್ ಅವರಿಗೆ ರಾತ್ರಿಯ ವಿತ್ರ್ ನಮಾಜಿನಲ್ಲಿ ಹೇಳಲು ಕಲಿಸಿದ ದುವಾ ಅದು. ಅಬೂದಾವೂದ್, ತಿರ್ಮಿದಿ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಮೊದಲ ಸಾಲು ‘ಅಲ್ಲಾಹುಮ್ಮಹ್ದಿನೀ ಫೀಮನ್ ಹದೈತ್’. ಇದಕ್ಕೆ ‘ಅಲ್ಲಾಹನೇ, ನೀನು ದಾರಿ ತೋರಿದವರ ಜೊತೆ ನನಗೂ ದಾರಿ ತೋರು’ ಅಂತ ಬರೆದಿದ್ದೇನೆ. ಮುಂದೆ ‘ವ ಬಾರಿಕ್ ಲೀ ಫೀಮಾ ಅಅತೈತ್’ ಬರುತ್ತದೆ. ‘ನೀನು ಕೊಟ್ಟದ್ದನ್ನು ಆಶೀರ್ವದಿಸು’ ಅಂತ ಹಾಕಿದ್ದು ಕಿವಿಗೆ ಹಿಡಿಸುತ್ತಿಲ್ಲ. ಬೇರೆ ಏನಾದರೂ ಇದೆಯಾ?

ಒಂದನೆಯ ಉತ್ತರ:
‘ಹುಲುಸು’ ಇದೆಯಲ್ಲ. ‘ಕೊಟ್ಟದ್ದನ್ನು ಹುಲುಸಾಗಿಸು.’ ಆಶೀರ್ವಾದ ಸಂಸ್ಕೃತ, ‘ಬಾರಿಕ್’ ಜೊತೆಯ ಬರಕತ್ತು ಅರಬ್ಬಿ. ಎರಡೂ ಬೇಡ. ನಮ್ಮದೇ ಮಾತು ಇರುವಾಗ ಕಡ ತರೋದು ಯಾಕೆ?

ಎರಡನೆಯ ಉತ್ತರ:
ಹುಲುಸು ಒಪ್ಪಲ್ಲ. ‘ಬಾರಿಕ್’ನ ಧಾತು ನೋಡಿ, ಬ-ರ-ಕ. ಒಂಟೆ ಮಂಡಿಯೂರಿ ನೆಲ ಹಿಡಿದು ಕೂರುವುದಕ್ಕೂ ಇದೇ ಧಾತು, ನೀರು ನಿಲ್ಲುವ ಕೊಳ ‘ಬಿರ್ಕಾ’ಕ್ಕೂ ಇದೇ. ರಾಗಿಬ್ ಇಸ್ಫಹಾನಿ ತಮ್ಮ ಕುರ್‌ಆನ್ ಪದಕೋಶದಲ್ಲಿ, ಒಂದು ವಸ್ತುವಿನಲ್ಲಿ ದೇವರ ಒಳಿತು ನೆಲೆ ನಿಲ್ಲುವುದೇ ಬರಕತ್ತು ಅಂತ ಬಿಡಿಸಿದ್ದಾರೆ. ಬೆಳೆಯೋದು ಆಮೇಲಿನ ಮಾತು, ಮೊದಲು ನಿಲ್ಲಬೇಕು. ‘ಕೊಟ್ಟದ್ದರಲ್ಲಿ ಒಳಿತನ್ನು ನೆಲೆಗೊಳಿಸು’ ಅಂತ ಬರೆಯಿರಿ.

ಮೂರನೆಯ ಉತ್ತರ:
ಧಾತು ಸರಿ, ಸಾಲು ಸರಿ ಇಲ್ಲ. ಇದು ಕೈಯೆತ್ತಿ ಬೇಡುವಾಗ ಹೇಳುವ ಮಾತು. ‘ಒಳಿತನ್ನು ನೆಲೆಗೊಳಿಸು’ ಅಂತ ಯಾರೂ ಬೇಡಿಕೊಳ್ಳಲ್ಲ, ಅದು ನಿಘಂಟಿನ ವಿವರಣೆ.

ಕೇಳಿದವರಿಗೆ ‘ಆಶೀರ್ವದಿಸು’ ಹಿಡಿಸದೇ ಇರೋದಕ್ಕೆ ಕಾರಣ ವಿಭಕ್ತಿ. ಮೂಲದಲ್ಲಿ ‘ಫೀಮಾ’ ಇದೆ, ಅಂದರೆ ‘ಕೊಟ್ಟದ್ದರಲ್ಲಿ’. ‘ಲೀ’ ಇದೆ, ಅಂದರೆ ‘ನನಗೆ’. ಆಶೀರ್ವದಿಸು ಅಂದ ಕೂಡಲೇ ‘ಕೊಟ್ಟದ್ದನ್ನು’ ಆಗಿಬಿಡುತ್ತದೆ, ‘ನನಗೆ’ ಬಿದ್ದುಹೋಗುತ್ತದೆ. ಹುಲುಸಾಗಿಸು ಅಂದರೂ ಅದೇ ತೊಂದರೆ. ಅದೂ ಅಲ್ಲದೆ ಹುಲುಸು ಅಂದರೆ ಕಣ್ಣಿಗೆ ಕಾಣುವಷ್ಟು ಜಾಸ್ತಿಯಾಗೋದು. ಬೆಳೆ ಹುಲುಸಾಗಿ ಬರುತ್ತದೆ. ಆಯುಷ್ಯ, ವಿದ್ಯೆ, ಹೊತ್ತು ಇವಕ್ಕೆ ಹುಲುಸು ಹೊಂದಲ್ಲ. ಇರೋದು ಸ್ವಲ್ಪವೇ ಆದರೂ ಸಾಕಾಗುವುದು, ಕೈಗೆ ಹತ್ತುವುದು, ಅದು ಬರಕತ್ತು. ‘ಅನ್ಯಾಯದ ದುಡ್ಡು ಬರಕತ್ತಾಗಲ್ಲ’ ಅಂತ ಯಾವ ಧರ್ಮದವರಾದರೂ ಕನ್ನಡದಲ್ಲಿ ಹೇಳುತ್ತಾರೆ, ಅಲ್ವಾ? ಅಲ್ಲಿ ಹುಲುಸು ಹಾಕಿ ನೋಡಿ, ಮಾತೇ ಸತ್ತುಹೋಗುತ್ತದೆ.

ಹಾಗಾಗಿ: ‘ನೀನು ಕೊಟ್ಟದ್ದರಲ್ಲಿ ನನಗೆ ಬರಕತ್ತು ಕೊಡು.’ ಊಟದ ದುವಾದಲ್ಲಿ ‘ಬಾರಿಕ್ ಲನಾ ಫೀಮಾ ರಝಕ್ತನಾ’ ಬರುತ್ತದಲ್ಲ, ಅಲ್ಲೂ ಇದೇ ಕಟ್ಟು. ಎರಡೂ ಕಡೆ ಒಂದೇ ಮಾತು ಇಡಿ.

ಒಂದನೆಯವರು ಮತ್ತೆ:
ಹೀಗೆ ಒಂದೊಂದಕ್ಕೂ ಬಾಗಿಲು ತೆಗೆದರೆ ಕೊನೆಗೆ ಕನ್ನಡದಲ್ಲಿ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ. ನಾನು ಒಪ್ಪಲ್ಲ.

ಮೂರನೆಯವರು:
ಬಾಗಿಲು ಎಂದೋ ತೆಗೆದಾಗಿದೆ ಸರ್. ವಕೀಲ, ತಾರೀಖು, ಜಿಲ್ಲೆ, ಬಾಕಿ, ಅಸಲು ಎಲ್ಲದರ ಬೇರೂ ಅರಬ್ಬಿಯಲ್ಲಿದೆ. ಅವನ್ನು ತೆಗೆಯಿರಿ ಅಂತ ಯಾರೂ ಕೇಳಲ್ಲ. ದೇವರ ಹತ್ತಿರ ಬೇಡುವ ಮಾತಿಗೆ ಮಾತ್ರ ಯಾಕೆ ಬೇರೆ ಕಾಯಿದೆ? ಕನ್ನಡದವರ ಬಾಯಲ್ಲಿ ‘-ಆಗು’ ಸೇರಿಸಿಕೊಂಡು ಕ್ರಿಯಾಪದವೇ ಆಗಿರುವ ಮಾತನ್ನು ಹೊರಗಿನದು ಅನ್ನೋದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಕೇಳಿದವರು:
ಬರಕತ್ತು ಇಡುತ್ತೇನೆ. ಇನ್ನೊಂದು ಮಾತು. ಇದೇ ದುವಾದ ‘ಆಫಿನೀ’ಗೆ ‘ಕ್ಷೇಮವಾಗಿಡು’ ಸಾಕಾ? ಎಲ್ಲರೂ ಸೇರಿ ಮಾಡುವ ನಮಾಜು, ಅಂದರೆ ಜಮಾಅತ್‌ನಲ್ಲಿ ಇಮಾಮರು ‘ಇಹ್ದಿನಾ’ (ನಮಗೆ ದಾರಿ ತೋರು) ಅಂತ ಬಹುವಚನದಲ್ಲಿ ಹೇಳುತ್ತಾರೆ, ಅದನ್ನೂ ಕೊಡಬೇಕಾ?

ಮೂರನೆಯವರು:
ಕ್ಷೇಮ ಸಾಕು, ಆರೋಗ್ಯ ಅಂತ ಇಳಿಸಬೇಡಿ, ‘ಆಫಿನೀ’ಯಲ್ಲಿರುವ ಆಫಿಯತ್ ಅದಕ್ಕಿಂತ ದೊಡ್ಡದು. ಬಹುವಚನ ಖಂಡಿತ ಕೊಡಿ. ಶಾಫಿಈ ಕ್ರಮದವರು (ಮುಸ್ಲಿಮರ ಒಂದು ಆಚರಣಾ ಪಂಥ) ಬೆಳಗಿನ ನಮಾಜಾದ ಫಜ್ರ್‌ನಲ್ಲಿ ಇದನ್ನು ಜಮಾಅತ್ ಜೊತೆ ಹೇಳುತ್ತಾರೆ. ‘ನಮಗೂ ದಾರಿ ತೋರು, ನಮಗೆ ಬರಕತ್ತು ಕೊಡು’ ಅಂತ ಕೆಳಗೆ ಇನ್ನೊಂದು ಸಾಲು ಹಾಕಿದರೆ ಆಯಿತು.