ಸೆಕೆಂಡ್ ಪಿಯು ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಮುಂದಿನ ಓದಿನ ಬಗ್ಗೆ ಮಾತಾಡುವುದು ಹೇಗೆ?

ಕುಮಟಾ ಉಪನ್ಯಾಸಕಿ:

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಈ ವರ್ಷ ನಮ್ಮ ಪ್ರಿನ್ಸಿಪಾಲರು ನನಗೆ ಒಂದು ಜವಾಬ್ದಾರಿ ಕೊಟ್ಟಿದ್ದಾರೆ. ಸೆಕೆಂಡ್ ಪಿಯು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, ಮುಂದೆ ಏನು ಓದುತ್ತಾರೆ ಅಂತ ಮಾತಾಡಬೇಕು. ಹಾಲ್‌ನಲ್ಲಿ ಎಲ್ಲರನ್ನೂ ಕೂರಿಸಿ ಭಾಷಣ ಮಾಡಿಸುವುದಲ್ಲ. ಎದುರುಬದುರು ಕೂತು ಮಾತಾಡುವುದು. ಕೆಲಸ ನನಗೆ ತುಂಬಾ ಇಷ್ಟ ಆಗಿದೆ, ಸರಿಯಾಗಿಯೇ ಮಾಡಬೇಕು ಅಂತ ಇದೆ.

ಶುರುವಿನಲ್ಲೇ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಒಬ್ಬಳು ಹುಡುಗಿ ಬಂದು ಕೂತವಳೇ, "ನೀವೇ ಹೇಳಿ ಮೇಡಂ, ನೀವು ಹೇಳಿದ್ದನ್ನೇ ಮಾಡ್ತೇನೆ" ಅಂದಳು. ಏನು ಕೇಳಿದರೂ ಅದೇ ಮಾತು. ಇನ್ನೊಬ್ಬ ಹುಡುಗ ಅಪ್ಪನ ಜೊತೆ ಬಂದಿದ್ದ. ನಾನು ಹುಡುಗನನ್ನು ಕೇಳಿದ ಪ್ರಶ್ನೆಗೆಲ್ಲ ಅಪ್ಪನೇ ಉತ್ತರ ಕೊಟ್ಟರು. ಹುಡುಗ ಮೇಜಿನ ಅಂಚು ಉಗುರಿನಲ್ಲಿ ಕೆರೆಯುತ್ತಾ ಕೂತಿದ್ದ.

ಇಂಥ ಮಕ್ಕಳ ಜೊತೆ ಮಾತು ಶುರು ಮಾಡುವುದು ಹೇಗೆ? ಅಪ್ಪ ಅಮ್ಮನನ್ನು ಕರೆಯಬೇಕಾ, ಬೇಡವಾ? ಮತ್ತೆ, ನಾನು ಆರ್ಟ್ಸ್ ಕಡೆಯವಳು. ಎಂಜಿನಿಯರಿಂಗ್, ಕೃಷಿಯಂಥ ಕೋರ್ಸಿನ ಸೀಟಿಗೆ ಬರೆಯುವ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ ಇದೆಯಲ್ಲ, ಅದರ ವಿಷಯದಲ್ಲಿ ಕನಿಷ್ಠ ಏನೇನು ತಿಳಿದಿರಬೇಕು? ಈ ಕೆಲಸ ಮಾಡಿ ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿರಸಿ ಮೇಷ್ಟ್ರು:

ಮೇಡಂ, ಒಳ್ಳೆಯ ಕೆಲಸ ಕೈಗೆತ್ತಿಕೊಂಡಿದ್ದೀರಿ. ನಾನು ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಮಕ್ಕಳು ಈಗಲೂ ಮನೆಗೆ ಬರುತ್ತಾರೆ, ಜಗುಲಿಯಲ್ಲಿ ಕೂತು ಮಾತಾಡುತ್ತೇವೆ.

"ನೀವೇ ಹೇಳಿ" ಅನ್ನುವ ಹುಡುಗಿಗೆ ನೀವು ಮಾತ್ರ ಹೇಳಬೇಡಿ. "ಮುಂದೆ ಏನಾಗ್ತೀಯಾ" ಅಂತಲೂ ಕೇಳಬೇಡಿ, ಅದಕ್ಕೆ ಡಾಕ್ಟರ್, ಎಂಜಿನಿಯರ್ ಅಂತ ಬಾಯಿಪಾಠದ ಉತ್ತರ ಬರುತ್ತದೆ. "ಯಾವ ವಿಷಯ ಇಷ್ಟ" ಅಂದರೆ ಮಾರ್ಕ್ಸ್ ಜಾಸ್ತಿ ಬಂದ ವಿಷಯ ಹೇಳುತ್ತಾರೆ. ಅದರ ಬದಲು ಸಣ್ಣ ಸಣ್ಣದು ಕೇಳಿ. ಯಾರೂ ಹೇಳದೆ ಯಾವ ನೋಟ್ಸ್ ಬರೆಯುತ್ತೀಯಾ? ಯಾವ ಪಾಠ ಬಿಟ್ಟುಬಿಟ್ಟೆ, ಯಾಕೆ? ಮನೆಗೆ ಹೋದ ಮೇಲೆ ಯಾವ ಕೆಲಸ ನಿನ್ನ ಪಾಲಿಗೆ ಬರುತ್ತದೆ, ಅದರಲ್ಲಿ ಬೇಜಾರಾಗದೆ ಮಾಡುವುದು ಯಾವುದು? ನನ್ನ ಹತ್ತಿರ ಬರುತ್ತಿದ್ದ ಒಬ್ಬ ಕಾಮರ್ಸ್ ಹುಡುಗನ ಬಾಯಿಂದ ಮಾತೇ ಬರುತ್ತಿರಲಿಲ್ಲ. ಮನೆಯ ಅಡಿಕೆ ಲೆಕ್ಕ ಯಾರು ಬರೆಯುತ್ತಾರೆ ಅಂತ ಕೇಳಿದ್ದೇ ತಡ, ಅರ್ಧ ಗಂಟೆ ಮಾತಾಡಿದ. ಅಡಿಕೆ ಗೊನೆ ಕೊಯ್ಯುವ ಕೂಲಿ, ಸಿಪ್ಪೆ ಸುಲಿಯುವವರ ಲೆಕ್ಕ, ಬಿಸಿಲಿಗೆ ಒಣಗಿಸಿ ಚಾಲಿ ಮಾಡಿದರೆ ಎಷ್ಟು, ಬೇಯಿಸಿ ಕೆಂಪಡಿಕೆ ಮಾಡಿದರೆ ಎಷ್ಟು, ಎಲ್ಲ ಅವನ ಬಾಯಲ್ಲೇ ಇತ್ತು. ಲೆಕ್ಕಪರಿಶೋಧಕ (ಸಿಎ) ಆಗಲು ಸಿಎ ಫೌಂಡೇಶನ್ ಅಂತ ಒಂದು ಪರೀಕ್ಷೆ ಇದೆ, ಪಿಯುಸಿ ಆದ ಮೇಲೆ ಬರೆಯಬಹುದು ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ.

ಎರಡನೆಯದು, ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಕೋರ್ಸಿನ ಹೆಸರು ಹಿಡಿದು ಮಾತಾಡಬೇಡಿ, ಸಿಲಬಸ್ ಎದುರಿಗೆ ಇಟ್ಟುಕೊಂಡು ಮಾತಾಡಿ. ಹೆಚ್ಚಿನ ವಿಶ್ವವಿದ್ಯಾಲಯಗಳು ಸಿಲಬಸ್ ವೆಬ್‌ಸೈಟಿನಲ್ಲಿ ಹಾಕಿರುತ್ತವೆ. ಮೊದಲ ಸೆಮಿಸ್ಟರ್ ಮತ್ತು ಮೂರನೇ ವರ್ಷದ ಪುಟ ಪ್ರಿಂಟ್ ತೆಗೆದು ಮಗುವಿನ ಕೈಗೆ ಕೊಡಿ, ಒಂದೊಂದೇ ಪೇಪರ್ ಹೆಸರು ಜೋರಾಗಿ ಓದಲು ಹೇಳಿ. ಗೊತ್ತಿಲ್ಲದ ಹೆಸರಿಗೆ ಗೆರೆ ಎಳೆಯಲಿ.

ನಮ್ಮ ಶಿರಸಿಯಲ್ಲೇ ಬನವಾಸಿ ರಸ್ತೆಯಲ್ಲಿ ಅರಣ್ಯ ಕಾಲೇಜು ಇದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ್ದು, 1985ರಲ್ಲಿ ಶುರುವಾದದ್ದು. ನಾಲ್ಕು ವರ್ಷದ ಬಿಎಸ್ಸಿ ಫಾರೆಸ್ಟ್ರಿ, ಸಿಇಟಿ ಮೂಲಕ ಸೀಟು. ಕಾಡು ಸುತ್ತುವುದು ಅಂದರೆ ಪ್ರಾಣ ಅನ್ನುವ ಹುಡುಗನೊಬ್ಬ ಇದೇ ಬೇಕು ಅಂತ ಬಂದ. ಸಿಲಬಸ್ ಓದಿಸಿದೆ. ಮಣ್ಣು, ಸಂಖ್ಯಾಶಾಸ್ತ್ರ, ಮರಗಳ ತಳಿ, ಕಟ್ಟಿಗೆಯ ಗುಣ, ಅರಣ್ಯ ಅರ್ಥಶಾಸ್ತ್ರ. ಅರ್ಥಶಾಸ್ತ್ರಕ್ಕೆ ಬಂದಾಗ ಅವನ ಮುಖ ಸಣ್ಣದಾಯಿತು. ಆ ಕಾಲೇಜಿಗೇ ಹೋಗಿ ಕೊನೆಯ ವರ್ಷದವರನ್ನು ಮಾತಾಡಿಸಿಕೊಂಡು ಬಾ ಅಂತ ಕಳಿಸಿದೆ. ಬಂದವನು, "ಸರ್, ಕಾಡು ಕಡಿಮೆ, ಲೆಕ್ಕ ಜಾಸ್ತಿ ಇದೆ. ಆದ್ರೂ ಇದೇ ಬೇಕು" ಅಂದ. ಅಷ್ಟು ತಿಳಿದುಕೊಂಡು ಬೇಕು ಅಂದ ಮೇಲೆ ನಾನು ಹೇಳುವುದಕ್ಕೆ ಏನೂ ಇರಲಿಲ್ಲ.

ಇನ್ನು ಸಿಇಟಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯನ್ನು ಕೈಬಿಟ್ಟು ಬರೀ ಸಿಇಟಿ ಕೋಚಿಂಗ್ ಹಿಂದೆ ಬಿದ್ದವರಿಗೆ ಇದನ್ನು ಒತ್ತಿ ಹೇಳಬೇಕು. ಫಾರೆಸ್ಟ್ರಿ, ಕೃಷಿ ಕಡೆ ಹೋಗುವವರು ಜೀವಶಾಸ್ತ್ರವನ್ನೂ ಬರೆಯಬೇಕು.

ಅರ್ಜಿ ತುಂಬುವಾಗಲೇ ನೋಡಿಕೊಳ್ಳಬೇಕಾದದ್ದು ಮೀಸಲಾತಿ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ನಿಮ್ಮ ತಾಲೂಕಿನ ಎಷ್ಟೋ ಮಕ್ಕಳಿಗೆ ಎರಡೂ ಸಿಗಬಹುದು. ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ತಂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಹಾಕಿಸಬೇಕು. ಮಗು ಐದನೇ ತರಗತಿಗೆ ಅಜ್ಜಿ ಮನೆಗೆ ಹೋಗಿ ಬೇರೆ ಶಾಲೆ ಸೇರಿದ್ದರೆ ಆ ಶಾಲೆಯಿಂದಲೂ ಬೇಕು. ಇದಕ್ಕೆ ದಿನ ಹಿಡಿಯುತ್ತದೆ, ದೀಪಾವಳಿ ರಜೆಯೊಳಗೇ ಓಡಾಡಲು ಹೇಳಿ.

ಆಪ್ಶನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು, ಬಂದಾಗ ಎಲ್ಲ ಮನೆಯಲ್ಲೂ ಒಂದು ತಪ್ಪು ತಿಳುವಳಿಕೆ ಇರುತ್ತದೆ. ಸಿಗಲಾರದ ಕಾಲೇಜನ್ನು ಮೊದಲು ಬರೆದರೆ ಇರುವ ಅವಕಾಶವೂ ಹೋಗುತ್ತದೆ ಅಂತ. ಹಾಗಿಲ್ಲ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬರುತ್ತದೆ, ಖಾಲಿ ಇರುವ ಮೊದಲ ಸೀಟು ಕೊಡುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ನಷ್ಟ ಇಲ್ಲ. ಆದರೆ ಮನಸ್ಸಿಲ್ಲದ್ದನ್ನು ಮೇಲೆ ಬರೆದರೆ ಅದೇ ಸಿಕ್ಕಿ ಕೂರುತ್ತದೆ. ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಸಿಕ್ಕಿದರೆ ಹಿಂದಿನದು ತಾನಾಗಿಯೇ ಹೋಗುತ್ತದೆ, ಆಮೇಲೆ ಹಳೆಯದೇ ಬೇಕು ಅಂದರೆ ಬರುವುದಿಲ್ಲ. ಅದಕ್ಕೇ ಆ ಪಟ್ಟಿಯನ್ನು ಮೊದಲು ಹಾಳೆಯ ಮೇಲೆ ಮಗುವಿನ ಕೈಯಲ್ಲೇ ಬರೆಸಿ. ಅಪ್ಪನೂ ಬರೆಯಬಾರದು, ಸೈಬರ್ ಸೆಂಟರ್‌ನವನೂ ಬರೆಯಬಾರದು, ನೀವೂ ಬರೆಯಬಾರದು.

ಅಪ್ಪ ಅಮ್ಮನನ್ನು ಖಂಡಿತ ಕರೆಯಿರಿ, ಆದರೆ ಎರಡನೇ ಸಲ. ಮೊದಲ ಸಲ ಮಗು ಒಂದೇ ಬರಲಿ.

ಕಾರವಾರದ ಹುಡುಗಿ, ಈಗ ಮಂಗಳೂರು:

ನಾನು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಬಿಎಫ್‌ಎಸ್ಸಿ (ಮೀನುಗಾರಿಕೆ ವಿಜ್ಞಾನದ ಪದವಿ) ಓದುತ್ತಿದ್ದೇನೆ. ಸಿಇಟಿ ಮೂಲಕವೇ ಬಂದೆ. ನಾಲ್ಕು ವರ್ಷದ ಕೋರ್ಸ್. ಕಾಲೇಜು 1969ರದ್ದು. ಹಾಗಿದ್ದೂ ನಮ್ಮ ಕೇರಿಯಲ್ಲಿ ಇದರ ಹೆಸರು ಕೇಳಿದವರು ಇರಲಿಲ್ಲ, ಬಂದರಿನ ಪಕ್ಕದಲ್ಲೇ ಇದ್ದೂ.

ಮೇಡಂ, ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನ್ನ ವಿಷಯದಲ್ಲಿ ನಮ್ಮ ಬಯಾಲಜಿ ಮೇಡಂ ನಮ್ಮ ಮನೆಗೇ ಬಂದರು. ಅಪ್ಪ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವನು. ಅವನನ್ನು ಕಾಲೇಜಿಗೆ ಕರೆದಿದ್ದರೆ ಬರುತ್ತಿರಲಿಲ್ಲ, ಬಂದರೂ ಬಾಗಿಲ ಹತ್ತಿರ ನಿಂತು "ಆಯ್ತು ಮೇಡಂ" ಅಂತ ಹೋಗುತ್ತಿದ್ದ. ಮನೆಯಲ್ಲಿ, ಬಲೆ ರಿಪೇರಿ ಮಾಡುತ್ತಾ ಕೂತಾಗ, ಮನಸ್ಸಿನಲ್ಲಿ ಇದ್ದದ್ದು ಬಾಯಿಗೆ ಬಂತು. "ಮೀನು ಹಿಡಿಯೋದಕ್ಕೆ ನಾಲ್ಕು ವರ್ಷ ಓದ್ಬೇಕಾ? ನನ್ನ ಮಗಳೂ ಇದೇ ಕೆಲ್ಸಕ್ಕೆ ಬರ್ಬೇಕಾ?" ಅಂದ. ಅವನ ನಿಜವಾದ ಚಿಂತೆ ಅದು. ಮೇಡಂ ಅವನಿಗೆ ಸಮಾಧಾನವಾಗಿ ಕೋರ್ಸಿನಲ್ಲಿ ಏನಿದೆ ಅಂತ ಹೇಳಿದರು. ಮೀನು ಸಾಕಣೆ, ಮೀನಿನ ರೋಗ, ಸಂಸ್ಕರಣೆ, ರಫ್ತಿನ ಗುಣಮಟ್ಟದ ಪರೀಕ್ಷೆ. ಕಾರವಾರದಲ್ಲೇ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆಯಲ್ಲ, ಅಲ್ಲಿ ಸಮುದ್ರದಲ್ಲಿ ಪಂಜರ ಹಾಕಿ ಮೀನು ಸಾಕುವುದನ್ನು ಅಪ್ಪ ಬೋಟಿನಿಂದಲೇ ನೋಡಿದ್ದ. ಆ ಕೆಲಸ ಮಾಡುವವರು ಓದಿದ್ದು ಇಂಥದ್ದೇ ಅಂದಾಗ ಅವನಿಗೆ ಅರ್ಥ ಆಯಿತು.

ಹಾಗಾಗಿ ಬೇಡ ಅನ್ನುವ ಅಪ್ಪನನ್ನು ಕಂಡು ಸಿಟ್ಟಾಗಬೇಡಿ. ಅವನಿಗೆ ಏನು ಹೆದರಿಕೆ ಅಂತ ಕೇಳಿ.

ಇನ್ನೊಂದು, ಕಾರವಾರ, ಮಾಜಾಳಿ ಕಡೆ ಗೋವಾದಲ್ಲಿ ಕೆಲಸ ಮಾಡುವವರ ಮಕ್ಕಳು ಸ್ವಲ್ಪ ವರ್ಷ ಅಲ್ಲೇ ಓದಿರುತ್ತಾರೆ. ಸಿಇಟಿ ಸೀಟಿಗೆ ಹೆಚ್ಚಿನವರು ಬಳಸುವ ಷರತ್ತಿನಲ್ಲಿ, ಒಂದನೇ ತರಗತಿಯಿಂದ ಸೆಕೆಂಡ್ ಪಿಯುವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಅಂತ ಇದೆ. ಅಷ್ಟು ಆಗದವರಿಗೆ ಬೇರೆ ಕಲಮುಗಳೂ ಇವೆ, ಆದರೆ ಅದಕ್ಕೆ ಅಪ್ಪ ಅಮ್ಮನ ದಾಖಲೆ ಎಲ್ಲ ಬೇಕು. ಮೊದಲೇ ಕೇಳಿಬಿಡಿ.

ಅಂಕೋಲಾ ಪಾಲಕ:

ನನ್ನ ಇಬ್ಬರು ಮಕ್ಕಳು ಓದು ಮುಗಿಸಿದ್ದಾರೆ. ಒಂದೇ ಮಾತು. ಫೀಸು ಎಷ್ಟು ಅಂತ ಮಾತ್ರ ಹೇಳಬೇಡಿ ಮೇಡಂ. ನಮ್ಮಂಥವರಿಗೆ ಫೀಸಿಗಿಂತ ಹಾಸ್ಟೆಲ್, ಮೆಸ್ಸಿನ ಖರ್ಚೇ ಭಾರ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್ ಯಾವ ಊರಿನಲ್ಲಿದೆ, ಅದು ಸಿಗದಿದ್ದರೆ ವಿದ್ಯಾಸಿರಿ ಧನಸಹಾಯ ಇದೆ, ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಇದೆ, ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಡಿ. ಜಾತಿ ಆದಾಯ ಪ್ರಮಾಣಪತ್ರ ಹಳೆಯದಾಗಿದ್ದರೆ ಈಗಲೇ ನಾಡಕಚೇರಿಗೆ ಹೋಗಲು ಹೇಳಿ. ಆಧಾರ್‌ನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಇದ್ದರೆ ಸ್ಕಾಲರ್‌ಶಿಪ್ ಅರ್ಜಿ ಅಲ್ಲೇ ನಿಲ್ಲುತ್ತದೆ.

ಕುಮಟಾ ಉಪನ್ಯಾಸಕಿ:

ಎಲ್ಲರಿಗೂ ಮನಸಾರೆ ಧನ್ಯವಾದ. ಸಿಲಬಸ್ ಓದಿಸುವುದು ನನಗೆ ಹೊಳೆದೇ ಇರಲಿಲ್ಲ. ಮೇಷ್ಟ್ರೇ, ಇನ್ನೊಂದು ಕೇಳಬೇಕಿತ್ತು. ನನ್ನ ಮಕ್ಕಳಲ್ಲಿ ಹೆಚ್ಚಿನವರು ಆರ್ಟ್ಸ್. "ಬಿಎ ಬಿಟ್ರೆ ನಮಗೆ ಏನಿದೆ ಮೇಡಂ" ಅಂತ ಕೇಳುತ್ತಾರೆ. ಕೇಳುವಾಗ ದನಿಯೇ ಇಳಿದಿರುತ್ತದೆ.

ಶಿರಸಿ ಮೇಷ್ಟ್ರು:

ಮೇಡಂ, ಬಿಎ ಅಂದರೆ ಒಂದೇ ಕೋರ್ಸ್ ಅಂತ ಅವರಿಗೆ ಯಾರೋ ತಲೆಯಲ್ಲಿ ತುಂಬಿದ್ದಾರೆ. ವಿಷಯಗಳನ್ನು ನೋಡಿ ಆರಿಸಲು ಹೇಳಿ. ಮುಂದೆ ಹೈಸ್ಕೂಲ್ ಶಿಕ್ಷಕರಾಗುವ ಆಸೆ ಇದ್ದರೆ, ಡಿಗ್ರಿಯಲ್ಲಿ ಯಾವ ವಿಷಯ ಓದಿದ್ದಾರೆ ಅನ್ನುವುದರ ಮೇಲೇ ಅರ್ಹತೆ ನಿಲ್ಲುತ್ತದೆ. ಮನೆ ಹತ್ತಿರದ ಕಾಲೇಜಿನಲ್ಲಿ ಇಂಗ್ಲಿಷ್ ಐಚ್ಛಿಕ ಇಲ್ಲ ಅಂದರೆ ಇದ್ದ ಕಾಲೇಜಿಗೆ ಬಸ್ಸಿನಲ್ಲಿ ಹೋಗಲಿ, ಕುಮಟಾ ಹೊನ್ನಾವರ ಅಂಕೋಲಾ ಮಧ್ಯೆ ಅದೇನು ದೂರ ಅಲ್ಲ. ಡಿಗ್ರಿ ಮತ್ತೆ ಮೂರು ವರ್ಷದ್ದಾಗಿದೆ, 2024-25ರಿಂದ. ನಾಲ್ಕು ವರ್ಷ ಅಂತ ಅಣ್ಣ ಅಕ್ಕಂದಿರಿಂದ ಕೇಳಿದವರಿಗೆ ಇದನ್ನೂ ಹೇಳಿ.

ಬಿಎ ಬಿಟ್ಟೂ ಇದೆ. ಐದು ವರ್ಷದ ಕಾನೂನು ಪದವಿಗೆ ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಆಗುತ್ತದೆ. ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, ನಮಗೆ ಹತ್ತಿರ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿಯುಇಟಿ ಅಂತ ಪರೀಕ್ಷೆ ಇದೆ, ಕನ್ನಡದಲ್ಲೂ ಬರೆಯಬಹುದು. ಕಲಬುರಗಿ ಹತ್ತಿರ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅದೇ ದಾರಿ. ನೀವು ಇತಿಹಾಸದವರು, ನಿಮ್ಮ ಮಕ್ಕಳಿಗೆ ಈ ಪರೀಕ್ಷೆಯ ಇತಿಹಾಸ ಪೇಪರ್ ನೀವೇ ತಯಾರಿ ಮಾಡಿಸಬಹುದಲ್ವಾ?

ನೀವು ಕೂರುವ ಸರದಿಯಲ್ಲಿ ಆರ್ಟ್ಸ್ ಮಕ್ಕಳನ್ನೇ ಮೊದಲು ಹಾಕಿಕೊಳ್ಳಿ ಮೇಡಂ. ಸೈನ್ಸಿನವರಿಗೆ ಕೋಚಿಂಗ್‌ನವರು, ನೆಂಟರು, ಪಕ್ಕದ ಮನೆಯವರು ಎಲ್ಲರೂ ಹೇಳುತ್ತಾರೆ. ಇವರ ಹತ್ತಿರ ಕೂತು ಮಾತಾಡುವವರು ನಿಮ್ಮ ಕಾಲೇಜಿನಲ್ಲಿ ಸದ್ಯಕ್ಕೆ ನೀವೊಬ್ಬರೇ ಇರಬಹುದು. ಸಿಲಬಸ್ ಪುಟ ಯಾವುದು ತೆಗೆಯಬೇಕು ಅಂತ ಗೊಂದಲ ಆದರೆ ಇಲ್ಲೇ ಬರೆಯಿರಿ, ನೋಡಿ ಹೇಳುತ್ತೇನೆ.